ಟೇಪಿಗೆ ಅಂಟಿದ ಕೂದಲು

ಆ ಮನೆಯಲ್ಲಿ ಜಗಳ ಶುರುವಾಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅಂದು ಭಾನುವಾರ, ರಟ್ಟಿನ ಪೆಟ್ಟಿಗೆಗಳಿಗೆ ಅಂಟಿಸುವ ಅಗಲವಾದ ಕಂದು ಟೇಪಿನ ಸುರುಳಿಯೊಂದು ಕಾಣೆಯಾಗಿತ್ತು. ಅಷ್ಟೇ ಸಾಕಾಯಿತು.

“ನನ್ನ ಟೇಪ್ ಯಾರು ತಗೊಂಡ್ರಿ?” ಟೈಲರ್ ಇಡೀ ಮನೆಗೆ ಕೇಳಿಸುವಂತೆ ಕೇಳಿದ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದು ಅವನ ಕೆಲಸ. ಹೊಲಿದದ್ದನ್ನೆಲ್ಲ ನಡುಮನೆಯಲ್ಲೇ ಮಡಚಿ, ಪೆಟ್ಟಿಗೆಗೆ ತುಂಬಿ, ಟೇಪ್ ಸುತ್ತಿ ಕಳಿಸುತ್ತಿದ್ದ. ಕಿಟಕಿ ಪಕ್ಕದ ಬೆಂಚಿನ ಒಂದು ತುದಿಯಲ್ಲಿ ಅವನ ಕತ್ತರಿ, ಸೀಮೆಸುಣ್ಣ, ಟೇಪು. ಇನ್ನೊಂದು ತುದಿ ಅತ್ತೆಯದು. ಬಿಸಿಲು ಬೀಳುವುದು ಅಲ್ಲೇ ಎಂದು ಮುದುಕಿ ದಿನಾ ಅಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

“ನನ್ನನ್ಯಾಕೆ ನೋಡ್ತೀರಿ? ನಾನೇನು ಟೇಪ್ ಸುತ್ತಿ ಜಡೆ ಹಾಕ್ಕೊಳ್ತೀನಾ?” ಎಂದಳು ಅಜ್ಜಿ.

“ಮಾಮಾನೇ ಒಯ್ದಿರ್ತಾನೆ,” ಎಂದಳು ಕಾಲೇಜಿಗೆ ಹೋಗುವ ಮಗಳು, ತಟ್ಟೆಗಳನ್ನು ಹರಡುತ್ತಾ. “ನಮ್ಮನೆ ಅರ್ಧ ಅವನ ವ್ಯಾನಲ್ಲೇ ಇದೆ. ನನ್ನ ಛತ್ರಿ, ಅಮ್ಮನ ಟಾರ್ಚು, ಎಲ್ಲ.”

ಎಲ್ಲರೂ ರೇಡಿಯೊ ಕಡೆ ತಿರುಗಿದರು. ರೇಡಿಯೊ ಎಂದರೆ ಅಜ್ಜಿಯ ಮಗ, ಟೈಲರನ ಭಾವಮೈದುನ. ಸಾಮಾನು ಸಾಗಿಸುವ ವ್ಯಾನು ಓಡಿಸಿಕೊಂಡು, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಕ್ಕನ ಮನೆಯಲ್ಲೇ ಇದ್ದ. ಬಾಯಿ ತೆರೆದನೆಂದರೆ ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲವಾದ್ದರಿಂದ ಆ ಹೆಸರು. ಬೇರೆ ದಿನವಾಗಿದ್ದರೆ ಅವನು ಟೇಪಿನ ಮೇಲೆ ಒಂದು ಭಾಷಣ ಮಾಡಿ, ಭಾವನ ಜಿಪುಣತನದ ಮೇಲೆ ಇನ್ನೊಂದು ಮಾಡಿ, ಕೊನೆಗೆ ಅಜ್ಜಿಯನ್ನೂ ನಗಿಸಿ ಏಳುತ್ತಿದ್ದ. ಅಂದು ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಹೊಸದು ತಂದುಕೊಡ್ತೀನಿ ಭಾವ,” ಎಂದ. ಅಷ್ಟೇ.

“ಏನಾಯ್ತು ಮಾಮ? ಬ್ಯಾಟರಿ ಮುಗೀತಾ?” ಎಂದು ಹುಡುಗಿ ಕೆಣಕಿದಳು. ಅವನು ನಗಲಿಲ್ಲ. ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದುಹೋದ. ಟೈಲರನಿಗೆ ಗೆದ್ದ ಖುಷಿಯೂ ಸಿಗದೆ, ಹೊಸ ಟೇಪ್ ಬಂದರೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆಂದು ಗೊಣಗಿಕೊಂಡ.

ತಮ್ಮ ಬಿಟ್ಟೆದ್ದ ತಟ್ಟೆಯನ್ನು ಅಕ್ಕ, ಅಂದರೆ ಟೈಲರನ ಹೆಂಡತಿ, ಎತ್ತಿಟ್ಟಳು. ತಮ್ಮ ಕರೆಯುವ ಆ ಹೆಸರೇ ಅವಳಿಗೆ ಎಲ್ಲ ಕಡೆ ಅಂಟಿಕೊಂಡು, ಕೆಲಸದ ಜಾಗದಲ್ಲೂ ಅವಳು ಅಕ್ಕನೇ. ಪೊಲೀಸರು ಕಳಿಸಿದ ವಸ್ತುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೂದಲು ಮತ್ತು ನೂಲಿನ ವಿಭಾಗ ಅವಳದು. ಗಂಡ ಮನೆ ತುಂಬ ನೂಲು ಚೆಲ್ಲುತ್ತಾನೆ, ಹೆಂಡತಿ ಊರವರ ನೂಲು ಹೆಕ್ಕುತ್ತಾಳೆ ಎಂದು ರೇಡಿಯೊ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ದಿನಾ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ಕೂದಲು, ನೂಲು ತೆಗೆಯುವ ಅಂಟು ಉರುಳೆಯಿಂದ ಮೈಮೇಲಿನ ಬಟ್ಟೆಯನ್ನೆಲ್ಲ ಉಜ್ಜಿಕೊಳ್ಳುವುದು ಮನೆಯ ಹಳೆಯ ತಮಾಷೆ.

ಮುಂದಿನ ತಿಂಗಳು ಅವಳನ್ನು ಸಾಹೇಬರು ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರವಾಗಿದ್ದವರು. ಯಾವ ರಗಳೆಯೂ ಇಲ್ಲದೆ ಮನೆ ಸೇರಿದರೆ ಸಾಕು ಎನ್ನುವ ಮುಖ.

“ಆ ಬಟ್ಟೆ ಗೋದಾಮಿನ ವಾಚ್‌ಮನ್ ಕೇಸು,” ಎಂದರು. “ಟೇಪ್ ಮುದ್ದೆಯಿಂದ ನೀವು ಒಂದು ಕೂದಲು ತೆಗೆದುಕೊಟ್ಟಿದ್ರಲ್ಲ, ಅದರ ರಿಪೋರ್ಟ್ ಬಂದಿದೆ.”

ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಕಳ್ಳರು ಗೋದಾಮಿನ ಮುದುಕ ವಾಚ್‌ಮನ್‌ನ ಬಾಯಿಗೆ ಟೇಪ್ ಸುತ್ತಿ, ಕೈ ಕಟ್ಟಿ ಬಿಟ್ಟುಹೋಗಿದ್ದರು. ಬೆಳಿಗ್ಗೆ ನೋಡಿದವರು ಜೀವ ಉಳಿಸುವ ಆತುರದಲ್ಲಿ ಟೇಪನ್ನು ಕತ್ತರಿಸಿ, ಕಿತ್ತು, ಮುದ್ದೆ ಮಾಡಿ ಎಸೆದಿದ್ದರು. ಮುದುಕ ಉಳಿಯಲಿಲ್ಲ. ಆ ಮುದ್ದೆಯ ಪದರಗಳನ್ನು ಬಿಡಿಸುವ ಕೆಲಸ ಇನ್ನೂ ಬಾಕಿಯಿತ್ತು. ಅಂಚಿನಲ್ಲಿ ಕಂಡ ಉದ್ದನೆಯ ಬಿಳಿ ಕೂದಲೊಂದನ್ನು ಮಾತ್ರ ಅವಳು ಮೊದಲೇ ತೆಗೆದು ಬೇರೆ ವಿಭಾಗಕ್ಕೆ ಕಳಿಸಿದ್ದಳು.

“ಬೇರಿಲ್ಲದ ಕೂದಲು. ತಾಯಿಯಿಂದ ಮಕ್ಕಳಿಗೆ ಬರುವ ಡಿಎನ್‌ಎ ಗುರುತು ಮಾತ್ರ ಸಿಕ್ಕಿದೆ,” ಎಂದರು ಸಾಹೇಬರು. “ಪದ್ಧತಿಯಂತೆ ನಮ್ಮ ಸಿಬ್ಬಂದಿಯ ಮಾದರಿಗಳ ಜೊತೆ ಹೋಲಿಸಿದ್ದಾರೆ. ನಿಮ್ಮದಕ್ಕೆ ಸರಿಹೊಂದಿದೆ.”

“ನನ್ನದಕ್ಕಾ ಸರ್?” ಎಂದಳು ಅಕ್ಕ.

“ನಿಮ್ಮದೇ ಬಿದ್ದಿರಬೇಕು. ಇಲ್ಲಾ ಮನೆಯವರದ್ದು ಬಟ್ಟೆಗೆ ಅಂಟಿ ಬಂದಿರಬೇಕು. ಇಷ್ಟು ವರ್ಷದಲ್ಲಿ ನಿಮ್ಮ ಕೈಯಿಂದ ಒಂದು ತಪ್ಪೂ ಆಗಿಲ್ಲ, ನಾನು ದೊಡ್ಡದು ಮಾಡಲ್ಲ. ಅಜಾಗರೂಕತೆ ಆಯ್ತು ಅಂತ ಸೋಮವಾರದೊಳಗೆ ಬರೆದುಕೊಡಿ. ಟೇಪನ್ನು ಸಾಕ್ಷ್ಯದಿಂದ ಕೈಬಿಡ್ತಾರೆ. ಒಂದು ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೇ.”

ಅವಳು ತಲೆಯಾಡಿಸಿ ಹೊರಗೆ ಬಂದಳು. ಒಂದು ಕ್ಷಣ ತಾನೇ ಎಲ್ಲೋ ಎಡವಿದೆನೆಂದು ನಂಬಿಬಿಡೋಣ ಎನ್ನಿಸಿತು. ಆದರೆ ಆ ಕೂದಲನ್ನು ಚಿಮಟಿಗೆಯಿಂದ ಎಳೆದವಳು ಅವಳೇ. ಅರ್ಧ ಕೂದಲು ಹೊರಗಿತ್ತು, ಇನ್ನರ್ಧ ಎರಡು ಪದರಗಳ ನಡುವೆ ಅಂಟಿ, ಎಳೆದಷ್ಟೂ ಬರಲೊಲ್ಲೆ ಎನ್ನುತ್ತಿತ್ತು. ಮೇಲಿನಿಂದ ಬಿದ್ದ ಕೂದಲು ಹಾಗೆ ಒಳಗೆ ಹೋಗುವುದಿಲ್ಲ. ಟೇಪ್ ಸುತ್ತುವ ಮೊದಲೇ ಅದು ಅಲ್ಲಿತ್ತು. ತೆಗೆದ ಫೋಟೋದಲ್ಲಿ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ಅವಳ ಮಾತು ಬಿಟ್ಟರೆ ಅದಕ್ಕೆ ಬೇರೆ ಆಧಾರವೇ ಇರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಬೆಂಚಿನ ಮೇಲೆ ಕೂತು ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯಿಂದ ಉದುರಿದ ಉದ್ದನೆಯ ಬಿಳಿ ಕೂದಲು ಗಂಡನ ಸೀಮೆಸುಣ್ಣದ ಮೇಲೆ, ಮಡಚಿಟ್ಟ ಅಂಗಿಗಳ ಮೇಲೆ, ಹೊಸ ಟೇಪಿನ ಬದಿಯ ಅಂಟಿನ ಮೇಲೆ. ಅಕ್ಕ ಬ್ಯಾಗು ಇಳಿಸದೆ ನೋಡುತ್ತಾ ನಿಂತಳು.

“ಏನೇ ಹಾಗೆ ನೋಡ್ತೀಯ? ನನ್ನ ತಲೇಲಿ ಹೇನು ಕಂಡ್ಯಾ?”

“ಇಲ್ಲಮ್ಮ. ಹಳೇ ಟೇಪ್ ಕೊನೆಗೆ ಸಿಕ್ತಾ?”

“ನಿನ್ನ ಗಂಡಂದೇ ರೋಗ ನಿನಗೂ ಹತ್ತಿತಾ? ಟೇಪ್, ಟೇಪ್, ಟೇಪ್.”

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅವಳು ಒಬ್ಬೊಬ್ಬರನ್ನೇ ವಿಚಾರಿಸಿದಳು. ವಿಚಾರಿಸಿದಷ್ಟೂ ಗೋಜಲಾಯಿತು. ಗಂಡ, ಹೊಲಿಗೆಗೆ ಬರುವ ಕೆಲಸದವನೂ ಒಮ್ಮೆ ಒಯ್ದಿದ್ದ, ವಾಪಸು ತಂದನೋ ಇಲ್ಲವೋ ನೆನಪಿಲ್ಲ ಎಂದ. ಮಗಳು, ಕಾಲೇಜಿನ ಪ್ರದರ್ಶನಕ್ಕೆ ತಾನೂ ಒಯ್ದಿದ್ದೆ, ಆದರೆ ಅದು ಇದೋ ಇದಕ್ಕಿಂತ ಹಿಂದಿನದೋ ಗೊತ್ತಿಲ್ಲ ಎಂದಳು. ಪಕ್ಕದ ಮನೆಯವರು ಕೇಳಿಕೊಂಡು ಬಂದಿದ್ದರೆಂದು ಅಜ್ಜಿ ನೆನಪಿಸಿಕೊಂಡು, ಆಮೇಲೆ ಅವರು ಕೇಳಿದ್ದು ಸುತ್ತಿಗೆ ಎಂದಳು. ಊರಿನಲ್ಲಿ ಅರ್ಧ ಜನ ಆ ಟೇಪನ್ನು ಮುಟ್ಟಿದಂತಿತ್ತು. ಅಕ್ಕನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಆ ಸಮಾಧಾನದ ಬಗ್ಗೆ ನಾಚಿಕೆಯೂ ಆಯಿತು.

ಶನಿವಾರ ಮಧ್ಯಾಹ್ನ ರೇಡಿಯೊ ಬೀದಿಯ ನಲ್ಲಿಯ ಬಳಿ ವ್ಯಾನು ತೊಳೆಯುತ್ತಿದ್ದ. ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಅವನೂ ಒದ್ದೆ ಬಟ್ಟೆ ಹಿಂಡಿಟ್ಟು ಪಕ್ಕಕ್ಕೆ ಬಂದು ಕೂತ.

“ಗೋದಾಮಿಗೆ ಹೋಗಿದ್ಯಾ?” ಎಂದು ನೇರವಾಗಿ ಕೇಳಿದಳು.

ಅವನು ಯಾವ ಗೋದಾಮು ಎಂದು ಕೇಳಲಿಲ್ಲ. ಅವಳು ವ್ಯಾನಿನ ಬಾಗಿಲು ಎಳೆದು ಮುಚ್ಚಿದಳು.

“ಮಾಲೀಕರೇ ಹೇಳಿದ್ದಾರೆ, ಸರಕು ಬೇರೆ ಕಡೆ ಸಾಗಿಸಬೇಕು ಅಂದ್ರು ಅಕ್ಕ, ವ್ಯಾನು ಬಾಡಿಗೆಗೆ ಕರೆದ ಇಬ್ಬರು. ನನಗೆ ಬಾಡಿಗೆ ಅಷ್ಟೇ ಗೊತ್ತಿದ್ದಿದ್ದು. ಅಲ್ಲಿ ಹೋದ ಮೇಲೆ ಆ ಮುದುಕ ಎದ್ದು ಕೂಗೋಕೆ ಶುರು ಮಾಡಿದ. ಆಗ ಗೊತ್ತಾಯ್ತು.”

“ಆಗ ವಾಪಸ್ ಬರಬಹುದಿತ್ತಲ್ಲ.”

“ಬರಬಹುದಿತ್ತು.” ಅವನು ಸ್ಟೀರಿಂಗನ್ನು ಬೆರಳಿನಿಂದ ಉಜ್ಜಿದ. “ಒಬ್ಬ ಸಲಾಕೆ ಎತ್ತಿದ್ದ ಅಕ್ಕ. ತಲೆಗೆ ಹೊಡೆದೇಬಿಡ್ತಿದ್ದ. ನಾನೇ ಬೇಡ ಅಂದೆ. ಬಾಯಿಗೆ ಟೇಪ್ ಹಾಕಿದ್ರೆ ಸಾಕು ಅಂದೆ. ಟೇಪ್ ನನ್ನ ಕೈಲೇ ಇತ್ತು.”

“ನೀನೇ ಸುತ್ತಿದ್ಯಾ?”

“ಮೂಗು ಬಿಟ್ಟು ಸುತ್ತಿದ್ದೆ. ದೇವರಾಣೆ, ಮೂಗು ಬಿಟ್ಟೇ ಸುತ್ತಿದ್ದೆ. ಉಸಿರಾಡಲಿ ಅಂತ ನೋಡಿ ನೋಡಿ ಸುತ್ತಿದ್ದೆ. ಆಮೇಲೆ ನಾನು ವ್ಯಾನಿಗೆ ಬಂದೆ. ಟೇಪ್ ಅಲ್ಲೇ ಬಿಟ್ಟಿದ್ದೆ. ಅವರು ಆಮೇಲೆ ಏನು ಮಾಡಿದ್ರೋ, ಮೂಗೂ ಮುಚ್ಚಿದ್ರೋ, ನನಗೆ ಗೊತ್ತಿಲ್ಲ.”

ಅಕ್ಕ ಅವನ ಮುಖವನ್ನೇ ನೋಡಿದಳು. ಶಾಲೆಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋದಾಗಲೂ ಅವನು ಇಷ್ಟೇ ಕಣ್ಣರಳಿಸಿ ಆಣೆ ಇಡುತ್ತಿದ್ದ. ನಿಜ ಹೇಳುವಾಗಲೂ ಹೀಗೇ. ಎರಡಕ್ಕೂ ಇದ್ದದ್ದು ಒಂದೇ ಮುಖ. ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ವ್ಯಾನಿನಿಂದ ಇಳಿದು ಸುಮ್ಮನೆ ನಡೆದು ಹೋಗಿಬಿಡಬೇಕೆನಿಸಿತು. ಯಾವುದನ್ನೂ ಮಾಡಲಿಲ್ಲ.

ಭಾನುವಾರದ ಊಟಕ್ಕೆ ಕೂತಾಗ ಅವಳೇ ಎಲ್ಲವನ್ನೂ ಹೇಳಿದಳು. ಮುಚ್ಚಿಡಲು ಅವಳಿಂದ ಆಗಲಿಲ್ಲ, ರೇಡಿಯೊ ಕೂಡ ಬೇಡ ಎನ್ನಲಿಲ್ಲ.

ಮೊದಲು ಅಜ್ಜಿಯೇ ಮಾತಾಡಿದಳು. “ಕೂದಲು ನನ್ನದು ಅಂದ ಮೇಲೆ ಇನ್ನೇನು? ನಿನ್ನ ಬಟ್ಟೆಗೆ ಅಂಟ್ಕೊಂಡು ಬಂತು ಅಂತ ಬರೆದುಕೊಟ್ಟುಬಿಡು. ನಿನ್ನ ಸಾಹೇಬರೇ ಹೇಳ್ತಿದ್ದಾರಲ್ಲ.”

“ಅದು ಸುಳ್ಳಮ್ಮ.”

“ನಿನಗೇನು ಹೋಗುತ್ತೆ? ನಾಲ್ಕು ಬೈಗುಳ. ಅವನಿಗೆ ಜೀವಮಾನ ಪೂರ್ತಿ ಜೈಲು.”

“ಸತ್ತವನಿಗೆ, ಅಜ್ಜಿ?” ಎಂದಳು ಮೊಮ್ಮಗಳು. ಅವಳ ಕಣ್ಣು ಆಗಲೇ ಕೆಂಪಾಗಿದ್ದವು. “ಅವನಿಗೂ ಮನೆ ಇರುತ್ತೆ ಅಲ್ವಾ?”

“ನೀನು ಬಾಯಿ ಮುಚ್ಚು. ನಿನ್ನನ್ನ ಎತ್ತಿ ಆಡಿಸಿದವನು ಅವನು.”

“ಅದಕ್ಕೇ ಅಜ್ಜಿ ಸಿಟ್ಟು ಬರ್ತಿರೋದು.”

ಟೈಲರ್ ನೀರು ಕುಡಿದ, ಲೋಟ ಇಟ್ಟ, ಮತ್ತೆ ಎತ್ತಿಕೊಂಡ. ಅಕ್ಕ ಅವನ ಕಡೆ ತಿರುಗಿದಳು. “ನೀವೇನಂತೀರಿ?”

“ನಾನೇನು ಹೇಳ್ಲಿ? ಬರೆದುಕೊಡು ಅಂದ್ರೆ ನಾಳೆ ನಿನ್ನ ಕೆಲಸ ಹೋದಾಗ ನನ್ನ ಮೇಲೆ ಬರ್ತೀಯ. ಬೇಡ ಅಂದ್ರೆ ನಿಮ್ಮಮ್ಮ ಸಾಯೋವರೆಗೂ ನನ್ನ ಮುಖ ನೋಡಲ್ಲ. ನನಗೆ ಹೊಲಿಯೋದು ಗೊತ್ತು ಕಣೇ. ಇದು ನನ್ನ ಅಳತೆಗೆ ಸಿಗ್ತಾ ಇಲ್ಲ.”

“ಆ ಮುದ್ದೆ ನಿನ್ನ ಹತ್ರಾನೇ ಇದೆಯಲ್ಲ ಅಕ್ಕ,” ಎಂದ ರೇಡಿಯೊ. ಅಷ್ಟು ಹೊತ್ತೂ ಅವನು ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳುತ್ತಿದ್ದ. “ಬಿಡಿಸಿ ನೋಡು. ಮೂಗಿನ ಮೇಲೆ ಬೇರೆ ಟೇಪ್ ಹಾಕಿದ್ರೆ ಗೊತ್ತಾಗುತ್ತಲ್ಲ? ನಾನು ಹಾಕಿದ್ದು ಕೆಳಗಿರುತ್ತೆ, ಅವರು ಹಾಕಿದ್ದು ಮೇಲೆ. ಮೊದಲು ನೋಡು, ಆಮೇಲೆ ಬೇಕಾದ್ದು ಬರಿ.”

ಇದನ್ನು ಅವಳು ಯೋಚಿಸಿರಲಿಲ್ಲವೇ? ಹಿಂದಿನ ದಿನ ಮಧ್ಯಾಹ್ನದಿಂದ ಅದನ್ನೇ ಯೋಚಿಸುತ್ತಿದ್ದಳು. ಕಪಾಟಿನ ಬೀಗದ ಕೈ ಅವಳ ಬಳಿಯೇ ಇತ್ತು. ಆದರೆ ಸ್ವಂತ ಅಕ್ಕ ಬಿಡಿಸಿದ ಟೇಪನ್ನು ಯಾವ ಕೋರ್ಟು ನಂಬುತ್ತದೆ? ಒಂದು ಪದರ ಅವನ ಪರವಾಗಿ ಮಾತಾಡಿದರೂ, ಅಕ್ಕನೇ ಹಾಗೆ ಮಾಡಿಟ್ಟಳು ಎನ್ನುತ್ತಾರೆ. ಅವನನ್ನು ಉಳಿಸಬಹುದಾದ ಒಂದೇ ವಸ್ತುವನ್ನು ಅವಳ ಕೈಯೇ ಕೆಡಿಸಿದಂತಾಗುತ್ತದೆ. ಸಾಹೇಬರು ಹೇಳಿದಂತೆ ಬರೆದುಕೊಟ್ಟರೋ, ಟೇಪೇ ಕಸಕ್ಕೆ ಹೋಗುತ್ತದೆ. ಮೂಗು ಮುಚ್ಚಿದವರು ಯಾರೇ ಆಗಿದ್ದರೂ ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ಒಳಗೆ ಏನಿದೆ ಎಂದು ತಿಳಿಯುವ ಮೊದಲೇ ಅವಳು ಬಾಯಿ ಬಿಟ್ಟು, ಟೇಪನ್ನು ಬೇರೆಯವರ ಕೈಗೆ ಒಪ್ಪಿಸಬೇಕಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದಳು. ಅರ್ಥವಾಯಿತೋ ಇಲ್ಲವೋ, ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಹಾಗಾದ್ರೆ ನೀನು ಹೇಳೋದು ಏನು? ತಮ್ಮನ್ನ ಹಿಡಿದುಕೊಡೋದೇ ತಮ್ಮನ್ನ ಉಳಿಸೋದು ಅಂತಾನಾ?”

“ಗೊತ್ತಿಲ್ಲಮ್ಮ. ಉಳಿಯಬಹುದು ಅಂತಷ್ಟೇ.”

“ಇಷ್ಟು ಓದಿ, ಇಷ್ಟು ವರ್ಷ ಆ ಮೆಷಿನ್‌ಗೆ ಕಣ್ಣು ಹಚ್ಚಿ, ಕೊನೆಗೆ ಗೊತ್ತಿಲ್ಲ ಅಂತೀಯಲ್ಲೇ.”

ರೇಡಿಯೊ ಎದ್ದ. “ನಾಳೆ ಬೆಳಿಗ್ಗೆ ನಾನೇ ಸ್ಟೇಷನ್‌ಗೆ ಹೋಗ್ತೀನಿ. ಅಕ್ಕ ಬಾಯಿ ಬಿಡೋ ಮೊದಲೇ ಹೋಗ್ತೀನಿ, ಆಯ್ತಾ?” ಎಂದ.

ಸೋಮವಾರ ಅವನು ಹೋಗಲಿಲ್ಲ. ಯಾರದೋ ಮನೆ ಸಾಮಾನು ಸಾಗಿಸಲು ಮಾತು ಕೊಟ್ಟಿದ್ದನಂತೆ, ಅಲ್ಲಿಗೆ ಹೋದ. ಅಕ್ಕ ಫೋನು ಮಾಡಿದರೆ, “ಇವರ ಫ್ರಿಜ್ಜು ಮೆಟ್ಟಿಲ ಮೇಲೆ ನಿಂತಿದೆ ಅಕ್ಕ, ಅರ್ಧಕ್ಕೆ ಬಿಟ್ಟು ಬರೋಕಾಗಲ್ಲ,” ಎಂದ. ಅವಳು ಪ್ರಯೋಗಾಲಯದ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೂ ಕಾದಳು, ಆಮೇಲೆ ಸಾಹೇಬರ ಕೋಣೆಗೆ ಹೋದಳು.

“ಸರ್, ಆ ಕೂದಲು ಇಲ್ಲಿ ಬಿದ್ದಿದ್ದಲ್ಲ. ಪದರದ ಒಳಗಿತ್ತು, ನಾನೇ ಎಳೆದು ತೆಗೆದಿದ್ದು. ಅದು ನಮ್ಮಮ್ಮನದು. ಟೇಪ್ ನಮ್ಮ ಮನೆಯದು.”

ಸಾಹೇಬರು ಕನ್ನಡಕ ತೆಗೆದರು. “ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ? ನಾನು ಇದನ್ನ ಕೇಳಿಸಿಕೊಂಡಿಲ್ಲ ಅನ್ನೋಕೆ ಆಗಲ್ಲ.”

“ಗೊತ್ತಿದೆ ಸರ್.”

ಅವರು ಕೈ ಚಾಚಿದರು. ಅಕ್ಕ ಬೀಗದ ಕೈ ಕೊಟ್ಟಳು. ಆ ಕೇಸಿನ ಕೋಣೆಗೆ ಇನ್ನು ಕಾಲಿಡಬಾರದು, ಅದರ ಬಗ್ಗೆ ಯಾರನ್ನೂ ಕೇಳಬಾರದು, ಯಾರಿಗೂ ಹೇಳಬಾರದು ಎಂದಾಯಿತು. ಕೆಲಸ ಅವಳ ಕೈಕೆಳಗಿನ ಹುಡುಗಿಗೆ ಹೋಯಿತು. ಅವಸರದ ಕೈ ಎಂದು ಅಕ್ಕ ದಿನಾ ಗದರುತ್ತಿದ್ದದ್ದು ಇವಳನ್ನೇ.

ಅದೇ ಸಂಜೆ ಟೈಲರ್ ಹೋಗಿ ಭಾವಮೈದುನನನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್‌ಗೆ ನಡೆದ. ಫ್ರಿಜ್ಜು ಮೇಲೆ ಏರಿಸಿ, ಪ್ಲಗ್ಗು ಹಾಕಿ, ತಣ್ಣಗಾಗುತ್ತದೆಯೇ ಎಂದು ನೋಡಿಯೇ ಅವನು ಹೊರಟನೆಂದು ಟೈಲರ್ ಮನೆಗೆ ಬಂದು ಹೇಳಿದ.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಜ್ಜಿ ಅಕ್ಕನ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಿದ್ದರೆ ಮೊಮ್ಮಗಳ ಮೂಲಕ ಹೇಳಿಕಳಿಸುತ್ತಿದ್ದಳು: ನಿಮ್ಮಮ್ಮನಿಗೆ ಹೇಳು, ಉಪ್ಪು ಮುಗಿದಿದೆ. ನಿಮ್ಮಮ್ಮನಿಗೆ ಹೇಳು, ಪೊಲೀಸರು ಬಂದು ನನ್ನ ಕೂದಲು ಕಿತ್ತುಕೊಂಡು ಹೋದರು, ಇನ್ನೂ ಬೇಕಿದ್ದರೆ ಕೇಳಲಿ. ಮಗಳು ಒಂದು ದಿನ, “ಅಮ್ಮ ಇಲ್ಲೇ ನಿಂತಿದ್ದಾಳೆ ಅಜ್ಜಿ, ನಾನೇನು ಪೋಸ್ಟ್‌ಮ್ಯಾನಾ?” ಎಂದು ಅತ್ತುಬಿಟ್ಟಳು. ಟೈಲರ್ ಎರಡು ಸಲ ಅಂಗಿಗೆ ತೋಳು ಉಲ್ಟಾ ಹೊಲಿದ.

ಕೆಲಸದ ಜಾಗದಲ್ಲಿ ಅಕ್ಕನಿಗೆ ಬೇರೆ ಕೇಸುಗಳ ಹತ್ತಿ ನೂಲು, ಉಣ್ಣೆ ನೂಲು. ಒಮ್ಮೆ ಮೊಗಸಾಲೆಯಲ್ಲಿ ಆ ಹುಡುಗಿ ಎದುರಾದಳು. ಮುಖ ಬಾಡಿತ್ತು.

“ಅಕ್ಕ, ಅಂಟು ಗಟ್ಟಿಯಾಗಿಬಿಟ್ಟಿರೋ ಪದರ ಬಿಡಿಸುವಾಗ, ಎಷ್ಟು ತಂಪು ಮಾಡಿದ್ರೆ...”

ಉತ್ತರ ಅಕ್ಕನ ನಾಲಿಗೆಯ ತುದಿಯಲ್ಲಿತ್ತು. ಅವಸರ ಮಾಡಬೇಡ, ಅಂಚಿನಿಂದ ಶುರು ಮಾಡು, ಒಂದು ಬೆರಳಗಲ ಎತ್ತಿ ನಿಲ್ಲಿಸು ಎನ್ನಬೇಕಿತ್ತು. ತಮ್ಮನ ಜೀವನ ಆ ಹುಡುಗಿಯ ಬೆರಳ ತುದಿಯಲ್ಲಿ ನೇತಾಡುತ್ತಿತ್ತು.

“ನನ್ನನ್ನ ಕೇಳಬೇಡಮ್ಮ. ಸಾಹೇಬರನ್ನ ಕೇಳು,” ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು.

ಕೆಲವು ವಾರಗಳ ನಂತರ ಅವನನ್ನು ನೋಡಲು ಅನುಮತಿ ಸಿಕ್ಕಿತು. ಅಕ್ಕ ಒಬ್ಬಳೇ ಹೋದಳು. ಜಾಲರಿಯ ಆಚೆ ರೇಡಿಯೊ ಸೊರಗಿದ್ದ, ಆದರೆ ಮುಖದಲ್ಲಿ ಏನೋ ಉತ್ಸಾಹವಿತ್ತು. ಅವಳು ಕೂರುವ ಮೊದಲೇ ಶುರು ಮಾಡಿದ, ಮೊದಲಿನ ಹಾಗೆ.

“ಲಾಯರ್ ಹೇಳಿದ್ರು ಅಕ್ಕ, ಪದರ ಎಲ್ಲ ಬಿಡಿಸಿದ್ರಂತೆ. ಆ ಹುಡುಗಿ ಭಾರಿ ಚೆನ್ನಾಗಿ ಮಾಡಿದ್ದಾಳಂತೆ. ಮೂಗಿನ ಮೇಲೆ ಟೇಪೇ ಇರಲಿಲ್ವಂತೆ. ಮೇಲಂಚು ಸರಿಯಾಗಿ ಮೀಸೆ ಹತ್ರಾನೇ ನಿಂತಿದೆಯಂತೆ. ನಾನು ಹೇಳಿದ್ದು ಅಕ್ಷರಶಃ ನಿಜ ಆಯ್ತಲ್ಲ? ನೀನು ನಂಬಿರ್ಲಿಲ್ಲ, ಅಲ್ವಾ?”

“ನಂಬಿದ್ದೆ,” ಎಂದಳು ಅಕ್ಕ. ಅದು ನಿಜವೋ ಸುಳ್ಳೋ ಅವಳಿಗೇ ತಿಳಿದಿರಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದಳು, “ಮೇಲೆ ಬೇರೆ ಟೇಪ್ ಏನಾದ್ರೂ ಇತ್ತಂತಾ?”

“ಇಲ್ವಂತೆ. ಎಲ್ಲ ಒಂದೇ ಸಲ ಸುತ್ತಿದ್ದಂತೆ. ನಾನು ಸುತ್ತಿದ್ದೇ.”

ಅಷ್ಟು ಹೇಳಿ ಅವನೇ ಮಾತು ನಿಲ್ಲಿಸಿದ. ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಅವನ ಉತ್ಸಾಹ ಇಳಿಯುತ್ತಾ ಬಂತು.

“ಮುದುಕನಿಗೆ ನೆಗಡಿ ಆಗಿತ್ತಂತೆ,” ಎಂದ. “ಮೂಗು ಪೂರ್ತಿ ಕಟ್ಟಿಕೊಂಡಿತ್ತಂತೆ. ಅದಕ್ಕೇ ಉಸಿರು ಕಟ್ತು ಅಂತ ಡಾಕ್ಟರು ಬರೆದಿದ್ದಾರೆ.” ಜಾಲರಿಗೆ ಹಣೆ ಆನಿಸಿದ. “ಅವನು ಸೀನಿದ ಅಕ್ಕ, ನಾನು ಸುತ್ತುವಾಗ. ನನಗೆ ಕೇಳಿಸ್ತು. ಸುಮ್ನಿರು ತಾತ, ನಿನ್ನ ಒಳ್ಳೇದಕ್ಕೇ ಅಂದೆ.”

ಅಕ್ಕ ಬೆರಳುಗಳನ್ನು ಜಾಲರಿಯ ತೂತಿಗೆ ತೂರಿಸಿದಳು. ಅವನು ಹಿಡಿದುಕೊಂಡ. ಹೊತ್ತಾಯಿತೆಂದು ಕಾವಲಿನವನು ಹೇಳುವವರೆಗೂ ಹಾಗೇ ಇದ್ದರು.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಇಷ್ಟು ವಾರಗಳಲ್ಲಿ ಮೊದಲ ಸಲ ನೇರವಾಗಿ ಮಗಳ ಮುಖ ನೋಡಿ ಕೇಳಿದಳು.

“ಬಿಡಿಸಿದ್ರಾ ಅದನ್ನ?”

“ಬಿಡಿಸಿದ್ರು.”

“ಮೂಗು ಬಿಟ್ಟಿದ್ನಾ ನನ್ನ ಮಗ?”

“ಬಿಟ್ಟಿದ್ದ ಅಮ್ಮ. ಅವನು ಹೇಳಿದ್ದು ನಿಜ.”

ಮುದುಕಿ ಅಲ್ಲೇ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಎದ್ದಳು. ಅವಳ ನಡಿಗೆಯೇ ಬೇರೆಯಾಯಿತು. ಅಡುಗೆಮನೆಗೆ ಹೋಗಿ, ಮಗಳಿಗೆಂದು ತಾನೇ ತಟ್ಟೆ ಹಾಕಿದಳು, ಅನ್ನ ಬಡಿಸಿದಳು.

“ನೀನು ಮಾಡಿದ್ದೇ ಸರಿ ಬಿಡೇ. ನಾನು ಮುದುಕಿ, ನನಗೇನು ಗೊತ್ತಾಗುತ್ತೆ,” ಎಂದಳು. ಆಮೇಲೆ ಮೊಮ್ಮಗಳನ್ನು ಕೂಗಿದಳು. “ಮಾಮನ ಹಾಸಿಗೆ ಬಿಸಿಲಿಗೆ ಹಾಕು. ಇವತ್ತೋ ನಾಳೆಯೋ ಬಂದುಬಿಡ್ತಾನೆ.”

ಹುಡುಗಿ ತಾಯಿಯ ಮುಖ ನೋಡಿದಳು. ಟೈಲರನೂ ಮೆಷಿನ್ ನಿಲ್ಲಿಸಿ ನೋಡಿದ. ಅಕ್ಕ ಮುದುಕನ ನೆಗಡಿಯ ಮಾತು ಎತ್ತದೆ ತಟ್ಟೆಗೆ ಕೈ ಹಾಕಿದಳು.

“ಹೋಗು, ಹಾಸಿಗೆ ತಗೊಂಡು ಹೋಗು,” ಎಂದಳು ಮಗಳಿಗೆ.